ತಾಲೀಮು: ಒಂದು ಶಬ್ದ, ಎರಡು ಅರ್ಥ

ನಮ್ಮ ಕಲಬುರಗಿ ಕಡೆ ಕುಸ್ತಿ ಕಲಿಯೋ ಜಾಗಕ್ಕೆ ಗರಡಿ ಅಂತಾರೆ, ತಾಲೀಮು ಅಂತಲೂ ಅಂತಾರೆ. ಅಲ್ಲಿ ಹೊಡೆಯೋ ದಂಡ, ಬೈಠಕ್ಕುಗಳೂ ತಾಲೀಮೇ. ಇದೇ ಶಬ್ದವನ್ನು ಉರ್ದು ಬಲ್ಲವರ ಮುಂದೆ ಹೇಳಿ ನೋಡಿ, ಅವರಿಗೆ ಅದು ಓದು, ಶಾಲೆ, ಶಿಕ್ಷಣ! ಅರಬ್ಬಿ ಮೂಲದ ಈ ಶಬ್ದದಲ್ಲಿ ಮೈ ಪಳಗಿಸೋದೂ ಕಲಿಕೆ, ಅಕ್ಷರ ತಿದ್ದೋದೂ ಕಲಿಕೆ. ಹಾಗಾದರೆ ನಮ್ಮ ಮಕ್ಕಳ ಪಾಲಿಗೆ ಇವೆರಡೂ ಬೇರೆಯಾದದ್ದು ಹೇಗೆ? ಮಕ್ಕಳ ಬೊಜ್ಜಿನ ಸುದ್ದಿ ಓದಿದಾಗೆಲ್ಲ ನನ್ನನ್ನು ಕಾಡೋ ಪ್ರಶ್ನೆ ಇದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಅಂತ ಒಂದು ಭಾಗವಿದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ಬೇರೆ ಬೇರೆ ದರ್ಜೆಗೆ ಹಾಕೋದು ಹೇಗೆ, ಅವರ ಸಾಮು ಯಾವುದು ಅನ್ನೋದೆಲ್ಲ ಅಲ್ಲಿದೆ. ಭಾರ ಎತ್ತೋದು, ನಡೆಯೋದು, ಈಜೋದು, ಕಂಬದ ಮೇಲಿನ ಕಸರತ್ತು... ಇವತ್ತಿನ ಜಿಮ್ಮಿನ ಪಟ್ಟಿಗೆ ಏನೂ ಕಡಿಮೆಯಿಲ್ಲ ನೋಡಿ! ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಕೊಡಿಸೋ ಹೊಣೆ ಮಾತ್ರ ರಾಜನದು. ಈ ಮಾತು ನೆನಪಿಟ್ಟುಕೊಳ್ಳಿ. ಸಾಮು ಮಾಡಿಸೋನು ಊಟಕ್ಕೂ ಹೊಣೆ.

ಆಮೇಲೆ 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ಅದರ ರಾಜಧಾನಿಯಾಯಿತು. ಕುಸ್ತಿ, ಪೈಲ್ವಾನ, ಉಸ್ತಾದ ಎಲ್ಲ ಪಾರಸಿಯಿಂದ ಬಂದ ಶಬ್ದಗಳು. ಶಬ್ದ ಬದಲಾದರೂ ಕೆಮ್ಮಣ್ಣಿನ ಅಖಾಡ ಉಳಿಯಿತು, ಹನುಮಪ್ಪನ ಫೋಟೋದ ಮುಂದೆ ಉಸ್ತಾದ ನಿಂತ! ಆದರೆ ಒಂದು ಮಾತು ಮುಚ್ಚಿಡೋದು ಬೇಡ. ರಾಜನ ಕಾಲದಲ್ಲೂ, ಊರ ಗರಡಿಯ ಕಾಲದಲ್ಲೂ ಅದು ಕೆಲವೇ ಗಂಡಸರ ಜಾಗ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ.

ಉಳಿದವರ ಮೈ ಪಳಗಿದ್ದು ಹೊಲದಲ್ಲಿ, ಬಾವಿಯಲ್ಲಿ, ಜಾತ್ರೆಯಲ್ಲಿ. ಗುಂಡುಕಲ್ಲು ಎತ್ತೋದು, ಮೊಹರಂನಲ್ಲಿ ಅಲಾಯಿ ಕುಣಿತ, ಪಂಚಮಿಯ ಜೋಕಾಲಿ, ಚಿಣಿಪಣಿ, ಲಗೋರಿ, ಖೋ ಖೋ. ಯಾರೂ ಇದನ್ನು ವ್ಯಾಯಾಮ ಅಂತ ಕರೆಯಲಿಲ್ಲ. ಹಾಗಾಗಿಯೇ ಅದು ಒಂದೊಂದಾಗಿ ಕಡಿಮೆಯಾದಾಗ ಯಾರೂ ಲೆಕ್ಕ ಇಡಲಿಲ್ಲ.

ಇನ್ನು ಶಾಲೆಯ ತಾಲೀಮು. ಇಲ್ಲಿ ನಿಜಾಮರ ಆಡಳಿತದಲ್ಲಿ ಉರ್ದು ಸರಕಾರದ ಭಾಷೆ, ಓದಿನ ಭಾಷೆ. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿ ತರುಣರಿಗೆ ಕವಾಯತು, ವ್ಯಾಯಾಮ ಕಲಿಸಲು ಹೊರಟರು. ಅವರಿಗೆ ಗಟ್ಟಿ ಮೈ ಅನ್ನೋದು ಸ್ವರಾಜ್ಯದ ತಯಾರಿ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸ್ವರಾಜ್ಯ ಬಂತು, ಶಾಲೆಗಳೂ ಬಂದವು. ಆಟ ಮಾತ್ರ ಟೈಮ್‌ಟೇಬಲ್ಲಿನ ಒಂದು ಪೀರಿಯಡ್ ಆಗಿ, ಗಣಿತದ ಪಾಠ ಉಳಿದರೆ ಅದಕ್ಕೆ ಬಿಟ್ಟುಕೊಡೋ ಪೀರಿಯಡ್ ಆಯಿತು!

ಈಗ ಜೇವರ್ಗಿ ತಾಲ್ಲೂಕಿನ ನೆಲೋಗಿಗೆ ಬನ್ನಿ. 2004ರಿಂದ 2006ರವರೆಗೆ ಮುಖ್ಯಮಂತ್ರಿಯಾಗಿದ್ದ ಧರಂಸಿಂಗ್ ಅವರ ಹುಟ್ಟೂರು ಅಂತ ಈ ಹೆಸರು ಕೇಳಿರುತ್ತೀರಿ. ಇಂಥ ಊರಲ್ಲಿ ನಿಂತು ಮಕ್ಕಳ ಬೊಜ್ಜಿನ ಮಾತು ತೆಗೆದರೆ, "ಅದು ಬೆಂಗಳೂರಿನವರ ರೋಗ ಬಿಡ್ರಿ" ಅನ್ನೋದು ಸಹಜ. ಕಾರಣವೂ ಇದೆ. ಬಿಸಿಯೂಟ 2002ರಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. 2021ರ ಡಿಸೆಂಬರ್‌ನಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡಲು ಹೊರಟಾಗಲೂ ಮೊದಲ ಸಾಲಿನಲ್ಲಿ ಕಲ್ಯಾಣ ಕರ್ನಾಟಕವೇ ಇತ್ತು. ಹಸಿವಿನ ನಾಡಲ್ಲಿ ಎಲ್ಲಿಯ ಬೊಜ್ಜು?

ಇಲ್ಲೇ ನಾವು ಎಡವೋದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ (ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ) 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟಿತ್ತು. ಆ ಕೂಸುಗಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನೇ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ 2.5 ಕಿಲೋ ಅಥವಾ ಕಡಿಮೆ ಇದ್ದವರಲ್ಲಿ 100ಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ಅದು 100ಕ್ಕೆ 3 ಮಾತ್ರ. ಅಂದರೆ ಬಸಿರಲ್ಲೇ ಅರೆಹೊಟ್ಟೆಯಲ್ಲಿ ಬೆಳೆದ ಮೈ ಮುಂದೆ ಹೆಚ್ಚು ಎಚ್ಚರ ಬೇಡುತ್ತದೆ. ಅಂಥ ಮಗು ದೊಡ್ಡದಾಗುತ್ತ ಕೂತಲ್ಲೇ ಕೂತು ಪಾಕೀಟಿನ ತಿಂಡಿ ತಿಂದರೆ ಏನಾದೀತು, ಯೋಚಿಸಿ. ಹಸಿವು ಮತ್ತು ಬೊಜ್ಜು ವೈರಿಗಳಲ್ಲ, ಒಂದೇ ಮನೆಯಲ್ಲಿ ಒಂದರ ಹಿಂದೊಂದು ಬರುವವು. ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು 2015-16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 2.1 ಇದ್ದದ್ದು 2019-21ರಲ್ಲಿ ಶೇ. 3.4 ಆಯಿತು. ಸಣ್ಣ ಅಂಕಿ ಹೌದು, ಆದರೆ ದಿಕ್ಕು ನೋಡಿ.

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂತೆ ಓಡಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನಲ್ಲಿ 2016ರಲ್ಲಿ 11ರಿಂದ 17 ವರ್ಷದವರಲ್ಲಿ ಶೇ. 81ರಷ್ಟು ಮಂದಿ ಇಷ್ಟೂ ಓಡಾಡುತ್ತಿರಲಿಲ್ಲ. ಹುಡುಗರಲ್ಲಿ ಇದು ಶೇ. 78, ಹುಡುಗಿಯರಲ್ಲಿ ಶೇ. 85. ಗರಡಿಯ ಮುಚ್ಚಿದ ಬಾಗಿಲು ಈ ಅಂಕಿಯಲ್ಲೂ ಕಾಣುತ್ತದೆ, ಅಲ್ಲವೇ?

ಹಾಗಂತ ಗರಡಿಯನ್ನು ವಾಪಸ್ ತನ್ನಿ ಅಂತ ಹೇಳಿ ಸುಮ್ಮನಾಗೋಕೆ ಆಗಲ್ಲ. ಈ ಚರಿತ್ರೆ ಹೇಳೋದು ಬೇರೆ: ಮೈ ಪಳಗಿಸೋ ಜಾಗ, ಹೊತ್ತು, ಊಟ ಮೂರನ್ನೂ ಯಾರಾದರೂ ಹೊಣೆ ಹೊತ್ತು ಕೊಡಬೇಕು. ಅಂದು ರಾಜ ಕೊಟ್ಟ, ಆಮೇಲೆ ಊರು ಕೊಟ್ಟಿತು. ಇಂದು ಕೊಡಬೇಕಾದದ್ದು ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಅಂತ ಬರೆದೇ ಇಟ್ಟಿದೆ. ಊಟ ಹೇಗೂ ಬಂದಿದೆ. 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡೋಕೆ ಶುರುಮಾಡಿದಾಗ ಹಳ್ಳಿಯ ಹುಡುಗಿಯರ ಕಾಲಿಗೆ ವ್ಯಾಯಾಮವೂ ಸಿಕ್ಕಿತು, ಅದನ್ನು ವ್ಯಾಯಾಮ ಅಂತ ಯಾರೂ ಕರೆಯದಿದ್ದರೂ. ಉಳಿದದ್ದು ಆ ಒಂದು ಪೀರಿಯಡ್. ಅದನ್ನು ಗಣಿತಕ್ಕೆ ಬಿಟ್ಟುಕೊಡದಿದ್ದರೆ ಸಾಕು, ತಾಲೀಮಿನ ಎರಡೂ ಅರ್ಥ ಒಂದೇ ಅಂಗಳಕ್ಕೆ ಬರುತ್ತವೆ.

ನಿಮ್ಮೂರ ಶಾಲೆಗೆ ಮೈದಾನ ಇದೆಯಾ? ಇದ್ದರೆ ಅಲ್ಲಿ ಹುಡುಗಿಯರೂ ಆಡುತ್ತಾರಾ? ಮುಂದಿನ ಸಲ ಊರಿಗೆ ಹೋದಾಗ ನೋಡಿ ಬಂದು ಹೇಳಿ.