ಮುಂಬಯಿಯ ಕೋಟೆ ಮುರಿದ 78 ರನ್

ಮುಂಬಯಿ-ಕರ್ನಾಟಕ ರಣಜಿ ಪಂದ್ಯವೆಂದರೆ ಗಡಿನಾಡ ಕನ್ನಡಿಗರಾದ ನಮಗೆ ಸ್ವಲ್ಪ ಇಕ್ಕಟ್ಟು. ನಾವಿರುವ ರಾಜ್ಯ ಒಂದು, ನಾವು ಕಲಿಸುವ ಭಾಷೆ ಇನ್ನೊಂದು. ಕೊಲ್ಹಾಪುರದ ಹುಡುಗರು ಆಡುವುದು ಮಹಾರಾಷ್ಟ್ರ ತಂಡಕ್ಕೆ, ಮುಂಬಯಿ ತಂಡವೇ ಬೇರೆ. ಆದರೂ ಪಂದ್ಯ ನಡೆದಾಗ ಯಾರ ಕಡೆ ಎಂಬ ಪ್ರಶ್ನೆ ನಮ್ಮಲ್ಲಿ ಏಳುವುದುಂಟು.

ಈ ಪೈಪೋಟಿ ಹಳೆಯದು. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ನಮ್ಮವರು 1941-42 ಮತ್ತು 1959-60ರ ಫೈನಲ್‌ಗಳಲ್ಲಿ ಮುಂಬಯಿಗೆ ಸೋತಿದ್ದರು. 1958-59ರಿಂದ 1972-73ರವರೆಗೆ ಸತತ 15 ವರ್ಷ ರಣಜಿ ಟ್ರೋಫಿ ಮುಂಬಯಿ ಬಿಟ್ಟು ಕದಲಲಿಲ್ಲ!

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಕೆಲವೇ ತಿಂಗಳಲ್ಲಿ, 1974ರ ಮಾರ್ಚ್‌ನಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಎರಡೂ ತಂಡಗಳು ಎದುರಾದವು. ಕರ್ನಾಟಕಕ್ಕೆ ಪ್ರಸನ್ನ ನಾಯಕ, ಮುಂಬಯಿಗೆ ವಾಡೇಕರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ಕರ್ನಾಟಕದ ಮೊತ್ತ 385. ಉತ್ತರವಾಗಿ ಆಡಲಿಳಿದ ಗಾವಸ್ಕರ್ ಪ್ರಸನ್ನರ ಚೆಂಡಿಗೆ ಬೌಲ್ಡ್ ಆದರು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಓಡುವಾಗ ಕಾಲು ಜಾರಿ ರನ್ ಔಟ್! ಮುಂಬಯಿ 307ಕ್ಕೆ ಮುಗಿಯಿತು. ಪಂದ್ಯ ಪೂರ್ತಿಯಾಗದಿದ್ದರೆ ಮೊದಲ ಇನ್ನಿಂಗ್ಸ್‌ನಲ್ಲಿ ಮುಂದಿದ್ದವರೇ ಗೆದ್ದಂತೆ. ಹೀಗೆ 78 ರನ್ನಿನ ಮುನ್ನಡೆಗೆ 15 ವರ್ಷದ ಕೋಟೆ ಬಿತ್ತು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ಟ್ರೋಫಿ ಎತ್ತಿತು.

ಮುಂದೆಯೂ ಲೆಕ್ಕ ಸರಿಸಮವಾಗುತ್ತಲೇ ಬಂತು. 1982-83ರ ಫೈನಲ್‌ನಲ್ಲಿ ಕರ್ನಾಟಕ ಮುಂಬಯಿಯ ನೆಲದಲ್ಲೇ, ಮತ್ತೆ ಮೊದಲ ಇನ್ನಿಂಗ್ಸ್ ಮುನ್ನಡೆಯಿಂದಲೇ ಗೆದ್ದಿತು. 2010ರ ಜನವರಿಯಲ್ಲಿ ಮೈಸೂರಿನ ಫೈನಲ್‌ನಲ್ಲಿ 338 ರನ್ ಬೆನ್ನು ಹತ್ತಿದ ಕರ್ನಾಟಕ, ಮನೀಷ್ ಪಾಂಡೆ 144 ಹೊಡೆದರೂ 331ಕ್ಕೆ ಮುಗಿಯಿತು. ಬರೀ 6 ರನ್ನಿನ ಸೋಲು! ಈ ಸಲ ಕಣ್ಣೀರು ನಮ್ಮ ಪಾಲಿಗೆ.

ಆದರೆ ನಾವು ಮಕ್ಕಳಿಗೆ ಹೇಳಬೇಕಾದದ್ದು ಇನ್ನೊಂದಿದೆ. 1976ರಲ್ಲಿ ಹುಟ್ಟಿದ ಮಗನಿಗೆ ಗಾವಸ್ಕರ್ ರೋಹನ್ ಜೈವಿಶ್ವ ಎಂದು ಹೆಸರಿಟ್ಟರು. ಅದರಲ್ಲಿನ 'ವಿಶ್ವ' ಎಂದರೆ ನಮ್ಮ ವಿಶ್ವನಾಥ್! ಅದೇ ವಿಶ್ವನಾಥ್ ಗಾವಸ್ಕರರ ತಂಗಿಯನ್ನು ಮದುವೆಯಾಗಿ ಆ ಮನೆಯ ಅಳಿಯರಾದರು. ಮೈದಾನದಲ್ಲಿ ಎದುರಾಳಿಗಳು, ಮನೆಯಲ್ಲಿ ನೆಂಟರು. ಕನ್ನಡ-ಮರಾಠಿ ಎರಡೂ ಮಾತಾಡುವ ನಮ್ಮ ಊರುಗಳಿಗೆ ಇದು ಹೊಸದೇನಲ್ಲ. ಕರ್ನಾಟಕ ಗೆದ್ದರೆ ಜೋರಾಗಿ ಚಪ್ಪಾಳೆ ಹೊಡೆಯೋಣ. ಗಾವಸ್ಕರರ ಆಟಕ್ಕೂ ಅಷ್ಟೇ ಜೋರಾಗಿ ಹೊಡೆದರೆ ನಮ್ಮ ಕನ್ನಡಕ್ಕೆ ಏನೂ ಕಡಿಮೆಯಾಗುವುದಿಲ್ಲ, ಅಲ್ಲವೇ?