ಗಣಿ ಬಾಲದುಡಿಮೆ

ಗಣಿ ಬಾಲದುಡಿಮೆ: ಖನಿಜವನ್ನು ಅಗೆಯುವ, ಒಡೆಯುವ, ಆರಿಸುವ, ಹೊತ್ತು ಸಾಗಿಸುವ ಕೆಲಸಕ್ಕೆ ಮಕ್ಕಳನ್ನು ಹಚ್ಚುವ ಪದ್ಧತಿ. 19ನೆಯ ಶತಮಾನದ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಂದಾಗಿ ಇದು ಲೋಕದ ಗಮನಕ್ಕೆ ಬಂತು. ಕರ್ನಾಟಕದಲ್ಲಿ ಇದಕ್ಕೆ ಎದ್ದು ಕಾಣುವ ಉದಾಹರಣೆ 2000ದ ದಶಕದ ಸಂಡೂರು–ಹೊಸಪೇಟೆ ಸೀಮೆಯ ಕಬ್ಬಿಣದ ಅದಿರಿನ ಗಣಿಗಳು. ಒಂದು ನೆಲದೊಳಗಿನ ಕತ್ತಲ ಸುರಂಗ, ಇನ್ನೊಂದು ಬಟ್ಟಬಯಲಿನ ಕೆಂಗುಡ್ಡ. ಆದರೆ ಮಗು ಗಣಿಗೆ ಬಂದ ದಾರಿ ಎರಡು ಕಡೆಯೂ ಒಂದೇ. ಕೂಲಿ ಸಿಗುತ್ತಿದ್ದುದು ಆಳಿನ ಲೆಕ್ಕದಲ್ಲಲ್ಲ, ಮಾಲಿನ ಲೆಕ್ಕದಲ್ಲಿ. ತೆಗೆದಷ್ಟು ಮಾಲಿಗೆ ದುಡ್ಡು ಎಂದಾಗ ಮನೆಯಲ್ಲಿರುವ ಪ್ರತಿ ಕೈಯೂ ಕೆಲಸಕ್ಕೆ ಬೇಕಾಗುತ್ತದೆ. ಆದರೆ ಆ ಕೈಗಳ ಹೆಸರು ಯಾವ ಪುಸ್ತಕಕ್ಕೂ ಏರುವುದಿಲ್ಲ.

ಬ್ರಿಟನ್ನಿನ ಕಲ್ಲಿದ್ದಲು ಗಣಿಗಳು

ಯಾರ್ಕ್‌ಷೈರ್, ಲ್ಯಾಂಕಾಷೈರ್, ವೇಲ್ಸ್, ಸ್ಕಾಟ್ಲೆಂಡುಗಳ ಗಣಿಗಳಲ್ಲಿ ಐದಾರು ವರ್ಷದ ಮಕ್ಕಳಿಗೆ ಬಾಗಿಲು ಕಾಯುವ ಕೆಲಸ. ಸುರಂಗದಲ್ಲಿ ಗಾಳಿಯ ಹರಿವನ್ನು ಹತೋಟಿಯಲ್ಲಿಡಲು ಅಲ್ಲಲ್ಲಿ ಮರದ ಬಾಗಿಲುಗಳಿರುತ್ತಿದ್ದವು. ಬಂಡಿ ಬಂದಾಗ ಹಗ್ಗ ಎಳೆದು ತೆರೆಯುವುದು, ಹೋದ ಮೇಲೆ ಮುಚ್ಚುವುದು, ಉಳಿದ ಹೊತ್ತೆಲ್ಲ ಕತ್ತಲಲ್ಲಿ ಕೂತಿರುವುದು. ಹನ್ನೆರಡು ಗಂಟೆಯ ದಿನ ಹೀಗೆಯೇ ಕಳೆಯುತ್ತಿತ್ತು. ಸ್ವಲ್ಪ ದೊಡ್ಡವರಾದ ಹುಡುಗ ಹುಡುಗಿಯರು ಸೊಂಟಕ್ಕೆ ಪಟ್ಟಿ ಬಿಗಿದು, ಕಾಲ ನಡುವೆ ಹಾದ ಸರಪಳಿಯಿಂದ ಕಲ್ಲಿದ್ದಲಿನ ಬಂಡಿಯನ್ನು ಅಂಬೆಗಾಲಲ್ಲಿ ಎಳೆಯುತ್ತಿದ್ದರು. ಅನೇಕ ಕಡೆ ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದವರು ಮಾಲೀಕರಲ್ಲ, ಕಲ್ಲಿದ್ದಲು ಕಡಿಯುವ ಆಳುಗಳೇ. ಬಹಳ ಸಲ ಅವರೇ ಮಕ್ಕಳ ತಂದೆ ಅಥವಾ ಅಣ್ಣಂದಿರಾಗಿರುತ್ತಿದ್ದರು.

1838ರ ಜುಲೈ 4ರಂದು ಯಾರ್ಕ್‌ಷೈರಿನ ಸಿಲ್ಕ್‌ಸ್ಟೋನ್ ಬಳಿಯ ಹಸ್ಕರ್ ಗಣಿಯಲ್ಲಿ ದುರಂತ ನಡೆಯಿತು. ಮಧ್ಯಾಹ್ನ ಗುಡುಗು ಸಹಿತ ಸುರಿದ ಮಳೆಯಿಂದ ಆಳುಗಳನ್ನು ಮೇಲೆತ್ತುವ ಉಗಿಯಂತ್ರ ನಿಂತುಹೋಯಿತು. ಒಳಗಿದ್ದ ಮಕ್ಕಳ ಗುಂಪೊಂದು ಇಳಿಜಾರು ಸುರಂಗದ ದಾರಿಯಾಗಿ ಹೊರಬರಲು ಹೊರಟು ಗಾಳಿಬಾಗಿಲೊಂದನ್ನು ದಾಟಿತು. ಅಷ್ಟರಲ್ಲಿ ಉಕ್ಕಿದ ಹಳ್ಳದ ನೀರು ಸುರಂಗಕ್ಕೆ ನುಗ್ಗಿ ಮಕ್ಕಳನ್ನು ಅದೇ ಬಾಗಿಲಿಗೆ ಒತ್ತಿಹಿಡಿಯಿತು. 11 ಹುಡುಗಿಯರು, 15 ಹುಡುಗರು, ಒಟ್ಟು 26 ಮಕ್ಕಳು ಮುಳುಗಿ ಸತ್ತರು.

1840ರಲ್ಲಿ, ಸಂಸತ್ ಸದಸ್ಯ ಲಾರ್ಡ್ ಆಷ್ಲಿಯ ಒತ್ತಾಯದ ಮೇಲೆ, ಮಕ್ಕಳ ದುಡಿಮೆಯ ಕುರಿತು ತನಿಖಾ ಆಯೋಗವೊಂದು ನೇಮಕವಾಯಿತು. ಅದು ಮಕ್ಕಳನ್ನೇ ಮಾತಾಡಿಸಿ ಹೇಳಿಕೆ ಬರೆದುಕೊಂಡಿತು. ಬಾಗಿಲು ಕಾಯುವ ಎಂಟು ವರ್ಷದ ಸಾರಾ ಗೂಡರ್, ಬೆಳಕಿದ್ದಾಗ ಮಾತ್ರ ಹಾಡಿಕೊಳ್ಳುತ್ತೇನೆ, ಕತ್ತಲಲ್ಲಿ ಧೈರ್ಯ ಬರುವುದಿಲ್ಲ ಎಂಬರ್ಥದ ಮಾತು ಹೇಳಿದ್ದಳು. 1842ರ ವರದಿಯಲ್ಲಿ ಸರಪಳಿ ಎಳೆಯುವ ಮಕ್ಕಳ ಚಿತ್ರಗಳೂ ಇದ್ದವು. ಅದೇ ವರ್ಷ ಬಂದ ಗಣಿ ಕಾಯಿದೆ ಎಲ್ಲ ಹೆಣ್ಣುಮಕ್ಕಳನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ನೆಲದೊಳಗಿನ ಕೆಲಸದಿಂದ ಹೊರಗಿಟ್ಟಿತು.

ಭಾರತದ ಕಾನೂನು

ಭಾರತದಲ್ಲಿ ಗಣಿ ಕಾಯಿದೆ ಮೊದಲು ಬಂದದ್ದು 1901ರಲ್ಲಿ. 1923ರ ಕಾಯಿದೆ 13 ವರ್ಷದೊಳಗಿನವರನ್ನು ಗಣಿಗೆಲಸಕ್ಕೆ ಸೇರಿಸುವುದನ್ನು ನಿಷೇಧಿಸಿತು. 1935ರ ತಿದ್ದುಪಡಿ ಈ ಮಿತಿಯನ್ನು 15ಕ್ಕೆ ಏರಿಸಿತು. ಸಂವಿಧಾನದ 24ನೆಯ ವಿಧಿ 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿ ಮತ್ತು ಅಪಾಯದ ಕೆಲಸಗಳಿಗೆ ಹಚ್ಚಕೂಡದು ಎನ್ನುತ್ತದೆ. ಸ್ವಾತಂತ್ರ್ಯಾನಂತರದ ಗಣಿ ಕಾಯಿದೆ 1952ರದು. ಅದಕ್ಕೆ 1983ರಲ್ಲಾದ ತಿದ್ದುಪಡಿಯ ಪ್ರಕಾರ 18 ತುಂಬದವರು ಗಣಿಯಲ್ಲಿ ದುಡಿಯುವಂತಿರಲಿಲ್ಲ; ತರಬೇತಿಗೆ ಬರುವ 16 ದಾಟಿದವರಿಗೆ ಮಾತ್ರ ವಿನಾಯಿತಿಯಿತ್ತು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಾದ ತಿದ್ದುಪಡಿಯೂ 14ರಿಂದ 18ರ ವಯಸ್ಸಿನವರಿಗೆ ಗಣಿಯ ಬಾಗಿಲು ಮುಚ್ಚಿದೆ. ಸಂಡೂರಿನ ಗುಡ್ಡಗಳಲ್ಲಿ ಮಕ್ಕಳು ಸುತ್ತಿಗೆ ಹಿಡಿದಾಗ ಕಾನೂನಿಗೆ ಕೊರತೆ ಇರಲಿಲ್ಲ.

ಸಂಡೂರು–ಹೊಸಪೇಟೆ ಸೀಮೆ

ಬಳ್ಳಾರಿ, ಹೊಸಪೇಟೆ, ಸಂಡೂರುಗಳ ನಡುವಿನ ಬೆಟ್ಟಸಾಲು ದೇಶದ ಉತ್ಕೃಷ್ಟ ಕಬ್ಬಿಣದ ಅದಿರಿನ ನೆಲೆಗಳಲ್ಲೊಂದು. (2021ರಿಂದ ಹೊಸಪೇಟೆ ವಿಜಯನಗರ ಜಿಲ್ಲೆಯಲ್ಲಿದೆ, ಸಂಡೂರು ಬಳ್ಳಾರಿಯಲ್ಲೇ ಉಳಿದಿದೆ.) 2000ದ ನಂತರ ಚೀನಾದ ಉಕ್ಕಿನ ಬೇಡಿಕೆ ಏರಿ, ಅದಿರಿನ ಬೆಲೆ ಹಲವು ಪಟ್ಟಾಯಿತು. ದೊಡ್ಡ ಗುತ್ತಿಗೆ ಗಣಿಗಳ ಜತೆಗೆ ಪಟ್ಟಾ ಜಮೀನುಗಳಲ್ಲೂ ಅಗೆತ ಶುರುವಾಯಿತು. ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲಗಳಲ್ಲಿ ಮೇಲ್ಪದರಲ್ಲೇ ಸಿಗುತ್ತಿದ್ದ ಅದಿರಿನ ಕಲ್ಲುಗಳಿಗೆ ದೊಡ್ಡ ಯಂತ್ರ ಬೇಕಿರಲಿಲ್ಲ. ಹಾರೆ, ಗುದ್ದಲಿ, ಸುತ್ತಿಗೆ, ಜರಡಿ, ಬುಟ್ಟಿ ಇದ್ದರೆ ಸಾಕಿತ್ತು.

ಈ ಕೆಲಸಕ್ಕೆ ಬಂದವರು ಮಳೆ ಕೈಕೊಟ್ಟ ಊರುಗಳಿಂದ ಗುಳೆ ಹೊರಟ ಕುಟುಂಬಗಳು. ಅವರಲ್ಲಿ ದಲಿತರು, ಬುಡಕಟ್ಟಿನವರು ಹೆಚ್ಚು. ಗಣಿಯ ಪಕ್ಕದಲ್ಲೇ ಪ್ಲಾಸ್ಟಿಕ್ ಹೊದಿಸಿದ ಗುಡಾರ. ಗಂಡಸರು ಅಗೆದು ಹಾಕಿದ ಗಟ್ಟಿಯನ್ನು ಹೆಂಗಸರೂ ಮಕ್ಕಳೂ ಸುತ್ತಿಗೆಯಿಂದ ಒಡೆಯುತ್ತಿದ್ದರು, ಮಣ್ಣನ್ನು ಜರಡಿ ಹಿಡಿಯುತ್ತಿದ್ದರು, ಒಳ್ಳೆಯ ಕಲ್ಲನ್ನು ಆರಿಸಿ ರಾಶಿ ಹಾಕುತ್ತಿದ್ದರು. ಕಬ್ಬಿಣದ ಅದಿರು ಅದೇ ಗಾತ್ರದ ಕಲ್ಲಿದ್ದಲಿಗಿಂತ ಮೂರು ಪಟ್ಟಿಗೂ ಹೆಚ್ಚು ತೂಗುತ್ತದೆ. ಅರ್ಧ ಬುಟ್ಟಿಯೂ ಎಳೆಯ ಕತ್ತಿಗೆ ಭಾರವೇ. ಮೇಸ್ತ್ರಿ ಟನ್ನಿನ ಲೆಕ್ಕದಲ್ಲಿ ಬಟವಾಡೆ ಮಾಡುತ್ತಿದ್ದ. ಮುಂಗಡ ಪಡೆದು ಬಂದ ಕುಟುಂಬ ಮೊದಲು ಅದನ್ನು ತೀರಿಸಬೇಕಿತ್ತು. ರಾಶಿ ಬೇಗ ಬೆಳೆಯಬೇಕೆಂದರೆ ಮಗುವೂ ಕೂರಬೇಕು. ಶಾಲೆ ದೂರ, ಗುಡಾರದಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲ. ಇನ್ನೂ ಸುತ್ತಿಗೆ ಎತ್ತಲಾರದ ಮಕ್ಕಳು ಕಂಕುಳ ಕೂಸನ್ನು ನೋಡಿಕೊಂಡು ರಾಶಿಯ ಪಕ್ಕದಲ್ಲೇ ಇರುತ್ತಿದ್ದರು.

ಒಡೆಯುವಾಗ ಸಿಡಿಯುವ ಚೂರಿಗೆ ಕಣ್ಣು ಒಡ್ಡಿಕೊಂಡೇ ಕೂರಬೇಕು. ಕೆಂಧೂಳು ತಲೆಗೂದಲು, ಅನ್ನ, ಕುಡಿಯುವ ನೀರು ಎಲ್ಲದರಲ್ಲೂ ಬೆರೆಯುತ್ತಿತ್ತು. ಕಬ್ಬಿಣದ ಧೂಳು ದೀರ್ಘಕಾಲ ಶ್ವಾಸಕೋಶದಲ್ಲಿ ಕೂತರೆ ಸಿಡರೋಸಿಸ್, ಕಲ್ಲಿನ ಸಿಲಿಕಾ ಸೇರಿದರೆ ಸಿಲಿಕೋಸಿಸ್ ಬರುತ್ತದೆ. ಈ ಕಾಯಿಲೆಗಳು ಕಾಣಿಸಿಕೊಳ್ಳಲು ವರ್ಷಗಳೇ ಬೇಕು. ಗುಳೆ ಬಂದ ಮಗು ಅಷ್ಟರಲ್ಲಿ ಬೇರೆ ಊರಿನಲ್ಲಿರುತ್ತದೆ. ಕೆಮ್ಮಿಗೂ ಗಣಿಗೂ ನಂಟು ಕಟ್ಟಲು ಕಾಗದವಿರುವುದಿಲ್ಲ.

2005ರಲ್ಲಿ ಮಕ್ಕಳ ಹಕ್ಕಿನ ಸಂಘಟನೆಗಳ ಸತ್ಯಶೋಧನಾ ತಂಡವೊಂದು ಬಳ್ಳಾರಿ ಜಿಲ್ಲೆಯ ಅದಿರು ಮತ್ತು ಗ್ರಾನೈಟ್ ಗಣಿಗಳನ್ನು ಸುತ್ತಿ ಇಲ್ಲಿನ ಮಕ್ಕಳ ದುಡಿಮೆಯನ್ನು ದಾಖಲಿಸಿತು. 2010ರಲ್ಲಿ ದೇಶದ ಗಣಿಪ್ರದೇಶಗಳ ಮಕ್ಕಳನ್ನು ಕುರಿತು ಬಂದ ವರದಿಯಲ್ಲೂ ಬಳ್ಳಾರಿ ಸೇರಿತ್ತು. ಹೊಸಪೇಟೆಯ ಸಖಿ ಟ್ರಸ್ಟ್ ಗಣಿ ಬಿಟ್ಟ ಹೆಣ್ಣುಮಕ್ಕಳನ್ನು ಶಾಲೆಗೆ, ಕಾಲೇಜಿಗೆ ಕಳಿಸುವ ಕೆಲಸ ಮಾಡುತ್ತ ಬಂದಿದೆ.

ನಿಷೇಧ ಮತ್ತು ಆನಂತರ

ಅಕ್ರಮ ಗಣಿಗಾರಿಕೆಯ ವಿರುದ್ಧ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಅಂತಿಮ ವರದಿ ಕೊಟ್ಟರು. ಎರಡೇ ದಿನಗಳಲ್ಲಿ, ಜುಲೈ 29ರಂದು, ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆದೇಶ ವಿಸ್ತರಿಸಿತು. 2013ರ ಏಪ್ರಿಲ್ 18ರ ತೀರ್ಪು ಅತಿ ಹೆಚ್ಚು ಉಲ್ಲಂಘನೆಯ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಈ ಪ್ರಕರಣದ ಮುಖ್ಯ ಚರ್ಚೆ ಗಡಿ ಒತ್ತುವರಿ, ಅರಣ್ಯ ನಾಶ, ರಾಜಧನದ ನಷ್ಟಗಳ ಸುತ್ತ ನಡೆಯಿತು. ಎಷ್ಟು ಟನ್ ಅದಿರು ಹೋಯಿತೆಂಬ ಲೆಕ್ಕ ಬಂದರಿನ ಕಾಗದದಿಂದ ಸಿಕ್ಕಿತು. ಅದನ್ನು ಒಡೆದ ಮಕ್ಕಳ ಲೆಕ್ಕಕ್ಕೆ ಅಂಥ ಕಾಗದ ಇರಲಿಲ್ಲ.

ನಿಷೇಧದ ನಂತರ ಕೈಗೆಲಸದ ಸಣ್ಣ ಗಣಿಗಳು ಮುಚ್ಚಿದವು, ಉಳಿದ ಗಣಿಗಳಲ್ಲಿ ಯಂತ್ರಗಳ ಬಳಕೆ ಹೆಚ್ಚಿತು. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಗಣಿಬಾಧಿತ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳಿಗೆ ಬಳಸಲು ಅವಕಾಶವಾಗಿದೆ. ಕುಟುಂಬದ ಲೆಕ್ಕದ ದುಡಿಮೆ ಮಾತ್ರ ಗಣಿಯೊಂದರಲ್ಲೇ ಇಲ್ಲ. ಕಲ್ಲುಕ್ವಾರಿ, ಇಟ್ಟಿಗೆ ಗೂಡು, ಹೈಬ್ರಿಡ್ ಹತ್ತಿ ಬೀಜದ ಹೊಲಗಳಲ್ಲೂ ಅದು ಕಾಣಸಿಗುತ್ತದೆ.

ಸ್ಮರಣೆ

ಸಿಲ್ಕ್‌ಸ್ಟೋನಿನ ಚರ್ಚಿನ ಅಂಗಳದಲ್ಲಿ 1841ರಲ್ಲಿ ನಿಲ್ಲಿಸಿದ ಕಲ್ಲಿನ ಮೇಲೆ 26 ಮಕ್ಕಳ ಹೆಸರು, ವಯಸ್ಸು ಕೊರೆದಿದೆ. ಅದರ ಒಕ್ಕಣೆ ದುರಂತವನ್ನು ದೇವರ ಆಜ್ಞೆ ಎಂಬಂತೆ ಹೇಳುತ್ತದೆ. 1988ರಲ್ಲಿ, 150 ವರ್ಷ ತುಂಬಿದಾಗ, ದುರಂತ ನಡೆದ ಸುರಂಗದ ಹತ್ತಿರ ಊರಿನವರು ಇನ್ನೊಂದು ಸ್ಮಾರಕ ಮಾಡಿದರು. ಕರ್ನಾಟಕದ ಗಣಿಗಳಲ್ಲೂ ನೆನೆಯುವ ಪರಿಪಾಠವಿದೆ: ಕೋಲಾರದ ಚಿನ್ನದ ಗಣಿಯಲ್ಲಿ 1946ರ ನವೆಂಬರ್ 4ರ ಗೋಲಿಬಾರಿಗೆ ಬಲಿಯಾದ ಕಾರ್ಮಿಕರನ್ನು ಅಲ್ಲಿನ ಜನ ಹುತಾತ್ಮರೆಂದು ಸ್ಮರಿಸುತ್ತಾರೆ. ಬಾಲದುಡಿಮೆಯ ವಿರುದ್ಧದ ವಿಶ್ವ ದಿನವನ್ನು 2002ರಿಂದ ಜೂನ್ 12ರಂದು ಆಚರಿಸಲಾಗುತ್ತಿದೆ.

ಹಸ್ಕರ್‌ನ ಮಕ್ಕಳ ಹೆಸರು ಉಳಿದದ್ದಕ್ಕೆ ಕಾರಣ, ಆಗ ಮಗುವನ್ನು ಗಣಿಗಿಳಿಸುವುದು ಅಪರಾಧವಾಗಿರಲಿಲ್ಲ. ಮುಚ್ಚಿಡುವ ಅಗತ್ಯ ಯಾರಿಗೂ ಇರಲಿಲ್ಲ. ಶವ ವಿಚಾರಣೆ ನಡೆಯಿತು, ಹೆಸರು ಬರೆದುಕೊಂಡರು. ನಿಷೇಧವಿರುವ ಕಡೆ ಪರಿಸ್ಥಿತಿ ತಿರುವುಮುರುವು. ಮಗುವಿಗೆ ಪೆಟ್ಟಾಯಿತೆಂದು ಗಣಿಯವರು ಬರೆದುಕೊಟ್ಟರೆ ಮಗುವನ್ನು ದುಡಿಸಿದ್ದನ್ನೂ ಒಪ್ಪಿಕೊಂಡಂತೆ. ಆದ್ದರಿಂದ ಹಾಜರಿ ಪುಸ್ತಕದಲ್ಲಿ ಮಗು ಇರುವುದಿಲ್ಲ, ಅಪಘಾತದ ವಹಿಯಲ್ಲೂ ಇರುವುದಿಲ್ಲ, ಪರಿಹಾರದ ಪಟ್ಟಿಗಂತೂ ಸೇರುವುದೇ ಇಲ್ಲ. ಸಂಡೂರಿನ ಮಕ್ಕಳಿಗೆ ಕಲ್ಲು ನೆಡುವುದಾದರೆ ಮೊದಲು ಹೆಸರು ಕೂಡಿಸಬೇಕು. ಆಗ ಎಂಟು ಹತ್ತು ವರ್ಷದವರಾಗಿದ್ದವರು ಈಗ ಮೂವತ್ತರ ಆಸುಪಾಸಿನಲ್ಲಿದ್ದಾರೆ; ಕೇಳಿದರೆ ಹೇಳಬಲ್ಲರು.