ದಾವಣಗೆರೆಯ ಶ್ರಮಿಕರೂ ವಾಕ್ಚಿತ್ರವೂ

ದಾವಣಗೆರೆಯ ಹತ್ತಿಯ ವ್ಯಾಪಾರವನ್ನೂ ಗಿರಣಿಗಳನ್ನೂ ಕುರಿತು ಬರೆದವರು ಅನೇಕರುಂಟು. ಆ ಗಿರಣಿಗಳಲ್ಲಿ ದುಡಿದು ಆವರಗೆರೆಯೇ ಮೊದಲಾದ ಆಸುಪಾಸಿನ ಊರುಗಳಿಗೆ ಹಿಂದಿರುಗುತ್ತಿದ್ದ ಶ್ರಮಿಕರ ವಿನೋದವು ಯಾವುದಾಗಿದ್ದಿತೆಂದು ವಿಚಾರಿಸಿದವರು ಮಾತ್ರ ವಿರಳ.

ವಾಕ್ಚಿತ್ರಕ್ಕಿಂತ ಮೊದಲೇ ಈ ಸೀಮೆಯಲ್ಲಿ ನಾಟಕವು ಬೇರೂರಿದ್ದಿತು. 1928ರಲ್ಲಿ ಚಿಂದೋಡಿ ವೀರಪ್ಪನವರು ಸ್ಥಾಪಿಸಿದ ಶ್ರೀ ಗುರು ಕರಿಬಸವರಾಜೇಂದ್ರ ನಾಟಕ ಮಂಡಳಿಯು ದಾವಣಗೆರೆಯ ಹೆಸರನ್ನು ನಾಡಿನಲ್ಲೆಲ್ಲ ಹಬ್ಬಿಸಿತು. ಕನ್ನಡದ ಪ್ರಥಮ ವಾಕ್ಚಿತ್ರವಾದ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡುದು 1934ರ ಮಾರ್ಚಿ 3ರಂದು. ಚಮನ್‌ಲಾಲ್ ಡೂಂಗಾಜಿಯವರು ಸುಮಾರು 40,000 ರೂಪಾಯಿಗಳನ್ನು ವ್ಯಯಮಾಡಿ ಕೊಲ್ಲಾಪುರದಲ್ಲಿ ತೆಗೆಯಿಸಿದ ಆ ಚಿತ್ರದಲ್ಲಿ ಅಭಿನಯಿಸಿದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ರಂಗಭೂಮಿಯವರೇ. ಸುಲೋಚನೆಯ ಕಥೆಯಂತೂ ವಾಲ್ಮೀಕಿಯಲ್ಲಿಲ್ಲ. ಪಂಡಿತರು ಕಾಣದ ಆ ಸಾಧ್ವಿಯನ್ನು ಪಾಮರರು ಆಟದ ಅಟ್ಟದ ಮೇಲೆ ಬಲ್ಲವರಾಗಿದ್ದರು!

ಸಣ್ಣ ಊರುಗಳಿಗೆ ಚಿತ್ರವು ಬಂದುದು ಡೇರೆಯ ರೂಪದಿಂದ. ಕತ್ತಲಾದ ಹೊರತು ಆಟವಿಲ್ಲ. ಯಂತ್ರವು ಒಂದೇ ಆದುದರಿಂದ ಸುರುಳಿ ಮುಗಿದಾಗಲೆಲ್ಲ ವಿರಾಮ. ನೆಲದ ಟಿಕೆಟ್ಟು ಎಲ್ಲಕ್ಕೂ ಅಗ್ಗ. ದಿನವೆಲ್ಲ ಮಗ್ಗದ ಮುಂದೆ ನಿಂತವನಿಗೆ ಮರಳಿನ ಮೇಲೆ ಕಾಲು ಚಾಚಿ ಕುಳಿತುಕೊಳ್ಳುವುದೇ ಅರ್ಧ ಸುಖವಾಗಿದ್ದಿರಬೇಕು.

ಆದರೆ ಇಲ್ಲೊಂದು ವೈಚಿತ್ರ್ಯವುಂಟು. 1930ರ ದಶಕವು ಕಳೆದರೂ ಕನ್ನಡದ ವಾಕ್ಚಿತ್ರಗಳ ಸಂಖ್ಯೆ ಹತ್ತನ್ನು ಮುಟ್ಟಲಿಲ್ಲ. ಮಿಕ್ಕ ದಿನಗಳಲ್ಲಿ ತೆರೆಯನ್ನು ತುಂಬಬೇಕಾದವು ಹಿಂದಿ, ತಮಿಳು, ತೆಲುಗು ಚಿತ್ರಗಳೇ. ಕನ್ನಡವೊಂದನ್ನೇ ಬಲ್ಲ ಕೂಲಿಯವನಿಗೆ ಮಾತನಾಡುವ ಚಿತ್ರವೂ ಮೂಕಚಿತ್ರವೇ ಆಯಿತು. ಅವನ ಮಾತನ್ನು ಆಡುತ್ತಿದ್ದುದು ನಾಟಕದ ಕಂಪೆನಿ. ವಾಕ್ಚಿತ್ರದ ಹೊಡೆತಕ್ಕೆ ನಾಡಿನ ಎಷ್ಟೋ ಮಂಡಳಿಗಳು ಮುಚ್ಚಿಹೋದರೂ ಚಿಂದೋಡಿಯವರ ಮಂಡಳಿ ಬಾಳಿದುದಕ್ಕೆ ಈ ಭಾಷಾಬಲವೂ ಒಂದು ಕಾರಣವೆನ್ನಬಹುದು. ಗುಬ್ಬಿ ವೀರಣ್ಣನವರು 1945ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’ನನ್ನು ತೆರೆಗೆ ತಂದಾಗ ಮಾತ್ರ ಈ ಭಾಗದ ಒಕ್ಕಲು ಮಕ್ಕಳ ಮನೆದೇವತೆಯೇ ಕನ್ನಡದಲ್ಲಿ ಮಾತನಾಡಿದಂತಾಯಿತು. ವೀರಪ್ಪನವರ ಪುತ್ರಿ ಚಿಂದೋಡಿ ಲೀಲಾ ಮುಂದೆ ರಂಗ, ತೆರೆ ಎರಡರಲ್ಲಿಯೂ ನಟಿಸಿದರು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ತೊಡಗಿತು. ಶ್ರಮಿಕರ ಸಂಖ್ಯೆ ಬೆಳೆಯಿತು. ಡೇರೆಗಳು ಹೋಗಿ ಕಟ್ಟಡಗಳು ಎದ್ದವು. ಅವುಗಳಲ್ಲೊಂದಾದ ಅಶೋಕ ಟಾಕೀಸಿನ ಹೆಸರು ಪಕ್ಕದ ರೈಲ್ವೆ ಗೇಟಿಗೂ ಅಂಟಿಕೊಂಡಿತು. ಚಿತ್ರವನ್ನೇ ನೋಡದ ಗಾಡಿಯವನೂ ಗೇಟು ಬಿದ್ದಾಗ ನಿಂತುದು ‘ಅಶೋಕ ಟಾಕೀಸಿನ ಹತ್ತಿರ’ ಎಂದೇ ಹೇಳುತ್ತಿದ್ದನು.